ಪ್ರವಾಸಿ ಊರಿನ ಸಮುದಾಯ ಕಾರ್ಯಕ್ರಮಗಳಿಗೆ ಹಣ ಹಂಚುವ ನಿಯಮ ಹೇಗಿರಬೇಕು?

ಗುಡ್ಡದಂಚು:
ಎಲ್ಲರಿಗೂ ನಮಸ್ಕಾರ. ಖಾಯಂ ವಾಸಿಗಳು ಕಡಿಮೆ, ಸೀಸನ್ನಿನಲ್ಲಿ ಅದರ ಎಷ್ಟೋ ಪಟ್ಟು ಜನ ಬಂದು ಹೋಗುವ ಪ್ರವಾಸಿ ಊರೊಂದಕ್ಕೆ ಕಾರ್ಯಕ್ರಮ ನಿಧಿಯ ನಿಯಮಾವಳಿ ಬರೆಯಬೇಕಿದೆ. ಹಣ ಬರುವುದು ಮುಖ್ಯವಾಗಿ ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯಿಂದ. ಸಂಗೀತೋತ್ಸವ, ಸೈಕಲ್ ರೇಸ್, ಮಕ್ಕಳ ಮೇಳ, ರಂಗೋತ್ಸವ ಎಲ್ಲದಕ್ಕೂ ಇದೇ ಗಂಟಿನಿಂದ ಕೊಡಬೇಕು. ಈಗಿರುವ ಪದ್ಧತಿ ಅಂದರೆ ಮೊದಲು ಬಂದು ಕೇಳಿದವರಿಗೆ ಮೊದಲು. ನನ್ನ ಪ್ರಶ್ನೆಗಳು: ಹಣವನ್ನು ಯಾವ ಆಧಾರದ ಮೇಲೆ ಹಂಚಬೇಕು? ಅರ್ಜಿಯಲ್ಲಿ ಏನು ಕೇಳಬೇಕು? ಕಂತು ಹೇಗೆ ಬಿಡುಗಡೆ ಮಾಡಬೇಕು? ಅನುಮತಿ, ಪೊಲೀಸ್, ಕಸ ಇವನ್ನೆಲ್ಲ ಎಷ್ಟು ಮುಂಚೆ ಶುರು ಮಾಡಬೇಕು?

ಖಜಾನೆಕೀಲಿ:
ಮೊದಲು ತೆರಿಗೆಯ ಕಾನೂನನ್ನು ಪದ ಬಿಡದೆ ಓದಿ. ಆ ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಟೆಕ್ಸಸ್‌ನಲ್ಲಿ ಹೋಟೆಲ್ ತೆರಿಗೆಯ ಪ್ರತಿ ಖರ್ಚೂ ಪ್ರವಾಸೋದ್ಯಮಕ್ಕೆ ಮತ್ತು ಹೋಟೆಲ್ ವ್ಯವಹಾರಕ್ಕೆ ನೇರವಾಗಿ ನೆರವಾಗುತ್ತದೆ ಎಂದು ತೋರಿಸಬೇಕು. ಕೊಲರಾಡೊ ರಾಜ್ಯದ ಕೌಂಟಿಗಳು (ಜಿಲ್ಲೆಯಂಥ ಆಡಳಿತಗಳು) ಬಹುಕಾಲ ಈ ಹಣವನ್ನು ಪ್ರವಾಸಿ ಪ್ರಚಾರಕ್ಕೆ ಮಾತ್ರ ಬಳಸಬಹುದಿತ್ತು. 2022ರ ತಿದ್ದುಪಡಿಯ ನಂತರ, ಮತದಾರರು ಒಪ್ಪಿದರೆ, ಕಾರ್ಮಿಕರ ವಸತಿಗೆ, ಶಿಶುಪಾಲನೆಗೆ, ಪ್ರವಾಸಿಗರ ಅನುಭವ ಸುಧಾರಿಸಲು ಕೂಡ ಬಳಸಬಹುದಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಊರು ಕೇಳಿಕೊಂಡರೆ ಪ್ರಾಂತೀಯ ಸರ್ಕಾರ ಕೋಣೆ ಬಾಡಿಗೆಯ ಮೇಲೆ ಗರಿಷ್ಠ 3% ವಸೂಲು ಮಾಡಿಕೊಡುತ್ತದೆ. ಅದಲ್ಲದೆ ವಿಸ್ಲರ್, ಟೊಫಿನೊ, ಫರ್ನಿ ಸೇರಿ 14 ರೆಸಾರ್ಟ್ ಊರುಗಳಿಗೆ ಪ್ರತ್ಯೇಕ ಅನುದಾನವೂ ಉಂಟು. ಕಾನೂನು ಬಿಡದ ಖರ್ಚನ್ನು ಈ ಗಂಟಿನಿಂದ ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತೀರಿ, ಆಗ ಸಾಮಾನ್ಯ ನಿಧಿಯಿಂದ ತುಂಬಿಕೊಡಬೇಕಾಗುತ್ತದೆ.

ಎರಡನೆಯದು, ಈ ವರ್ಷದ ಅಂದಾಜನ್ನು ನಂಬಿ ಮಾತು ಕೊಡಬೇಡಿ. ಹೋದ ವರ್ಷ ಕೈಗೆ ಬಂದು ಲೆಕ್ಕ ಮುಗಿದ ಮೊತ್ತವನ್ನೇ ಈ ವರ್ಷ ಹಂಚಿ. ಕೋಣೆ ತೆರಿಗೆ ಹವಾಮಾನ ಕೆಟ್ಟರೂ ಇಳಿಯುತ್ತದೆ, ರಸ್ತೆ ಕುಸಿದರೂ ಇಳಿಯುತ್ತದೆ. 2020ರಲ್ಲಿ ಜಗತ್ತಿನ ಎಷ್ಟೋ ಪ್ರವಾಸಿ ಊರುಗಳಲ್ಲಿ ಅದು ಹೇಗೆ ಬತ್ತಿಹೋಯಿತೆಂದು ನೋಡಿದ್ದೇವೆ. ವಾರ್ಷಿಕ ಸಂಗ್ರಹದ ಐದನೇ ಒಂದು ಭಾಗವನ್ನಾದರೂ ಆಪದ್ಧನವಾಗಿ ಬದಿಗಿಡಿ.

ಅರ್ಜಿಯ ವಿಷಯಕ್ಕೆ ವಾಷಿಂಗ್ಟನ್ ರಾಜ್ಯದ ಪದ್ಧತಿ ನೋಡಿ. ಅಲ್ಲಿ 5,000 ಅಥವಾ ಹೆಚ್ಚು ಜನರಿರುವ ಊರು ಕೋಣೆ ತೆರಿಗೆ ಹಾಕಬೇಕಾದರೆ ಕನಿಷ್ಠ ಐದು ಜನರ ಸಲಹಾ ಸಮಿತಿ ಬೇಕು. ಅದರಲ್ಲಿ ತೆರಿಗೆ ವಸೂಲು ಮಾಡುವ ವಸತಿಗೃಹಗಳ ಕಡೆಯವರು ಇಬ್ಬರಾದರೂ ಇರಬೇಕು, ಆ ಹಣ ಪಡೆಯಬಹುದಾದ ಚಟುವಟಿಕೆಗಳ ಕಡೆಯವರೂ ಇಬ್ಬರಾದರೂ ಇರಬೇಕು. ಚುನಾಯಿತ ಪ್ರತಿನಿಧಿಯೊಬ್ಬರು ಅಧ್ಯಕ್ಷರು. ಅರ್ಜಿದಾರರು ಸುಮ್ಮನೆ 'ಇಷ್ಟು ಸಾವಿರ ಜನ ಬರುತ್ತಾರೆ' ಎಂದು ಬರೆದರೆ ಸಾಲದು. ದುಡ್ಡು ಕೊಟ್ಟು ಕೋಣೆಯಲ್ಲಿ ಉಳಿಯುವವರು ಎಷ್ಟು, 50 ಮೈಲಿ ಅಥವಾ ಅದಕ್ಕೂ ದೂರದಿಂದ ಬಂದುಹೋಗುವವರು ಇಲ್ಲವೇ ಉಳಿಯುವವರು ಎಷ್ಟು, ಬೇರೆ ರಾಜ್ಯ ಅಥವಾ ದೇಶದಿಂದ ಬರುವವರು ಎಷ್ಟು ಎಂದು ಬಿಡಿಸಿ ಹೇಳಬೇಕು. ಮುಗಿದ ಮೇಲೆ ನಿಜವಾಗಿ ಬಂದವರ ವರದಿಯನ್ನೂ ಕೊಡಬೇಕು. ಈ ಮೂರು ಕಾಲಂಗಳನ್ನು ನಿಮ್ಮ ಅರ್ಜಿಯಲ್ಲೂ ಹಾಗೇ ಇಟ್ಟುಕೊಳ್ಳಿ.

ಈ ಕಾಲಂಗಳು ಯಾಕೆ ಬೇಕೆಂದು ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಉದಾಹರಣೆಗೆ 3,000 ಜನ ಸೇರಿದರು ಅನ್ನಿ. ರಾತ್ರಿ ಉಳಿದವರು ನೂರಕ್ಕೆ 40, ಅಂದರೆ 1,200. ಇವರಲ್ಲಿ ಕಾಲು ಭಾಗ ಪರಿಚಯದವರ ಮನೆಯಲ್ಲೋ ಸ್ವಂತ ರಜಾಮನೆಯಲ್ಲೋ ಮಲಗಿದವರು. ಕೋಣೆ ಹಿಡಿದವರು 900. ಅವರಲ್ಲೂ ಮೂರನೇ ಒಂದು ಪಾಲು ಕಾರ್ಯಕ್ರಮ ಇರಲಿ ಬಿಡಲಿ ಬರುತ್ತಿದ್ದವರು. ಉಳಿದದ್ದು 600 ಜನ. ಕೋಣೆಗೆ ಇಬ್ಬರಂತೆ 300 ಕೋಣೆ, ಎರಡು ರಾತ್ರಿಗೆ 600 ಕೋಣೆ-ರಾತ್ರಿ. ತೆರಿಗೆ 3% ಆದರೆ ಖಜಾನೆಗೆ ಮರಳುವುದು 18 ಕೋಣೆ-ರಾತ್ರಿಗಳ ಬಾಡಿಗೆಯಷ್ಟೇ! 'ಕಾರ್ಯಕ್ರಮ ತನ್ನ ಖರ್ಚನ್ನು ತಾನೇ ಹುಟ್ಟಿಸುತ್ತದೆ' ಎಂದು ಅರ್ಜಿಯಲ್ಲಿ ಬರೆದವರಿಗೆ ಈ ಲೆಕ್ಕ ಮಾಡಿಸಿ. ಲಾಭ ಆಗುವುದು ಹೋಟೆಲು, ಊಟದಂಗಡಿ, ಬಾಡಿಗೆ ವಾಹನದವರಿಗೆ, ತೆರಿಗೆಯ ಪೆಟ್ಟಿಗೆಗಲ್ಲ. ಹಾಗಾಗಿ ಲಾಭ ಪಡೆಯುವ ವಸತಿಗೃಹಗಳಿಂದ ಪ್ರಾಯೋಜಕತ್ವ ಕೇಳುವುದು ನ್ಯಾಯ. ಅನುದಾನ ಒಟ್ಟು ಬಜೆಟ್ಟಿನ ಮೂರನೇ ಒಂದರಷ್ಟು ಮೀರಬಾರದು ಅನ್ನುವ ಮಿತಿ ಹಾಕಿದರೆ ಆಯೋಜಕರು ತಾವಾಗಿಯೇ ಆ ಬಾಗಿಲು ತಟ್ಟುತ್ತಾರೆ.

ತಂಪುಮರ:
ಖಜಾನೆಕೀಲಿ ಅವರ ಲೆಕ್ಕ ಸರಿ, ಆದರೆ ಅದೇ ಅಳತೆಗೋಲನ್ನು ಮಕ್ಕಳ ಮೇಳಕ್ಕೂ ಹಿಡಿದರೆ ಆ ಮೇಳ ಮೊದಲ ವರ್ಷವೇ ಸಾಯುತ್ತದೆ. ಸೀಸನ್ ಪೂರ್ತಿ ಟ್ರಾಫಿಕ್, ಸದ್ದು, ಏರಿದ ಮನೆ ಬಾಡಿಗೆ ಸಹಿಸುವವರು ಊರಿನ ಜನ. ಅವರಿಗಾಗಿ ನಡೆಯುವ ಕಾರ್ಯಕ್ರಮಕ್ಕೆ ಕೋಣೆ-ರಾತ್ರಿ ಕೇಳುವುದೇ ತಪ್ಪು. ಹಣವನ್ನು ಮೊದಲೇ ಎರಡು ಗಂಟು ಮಾಡಿ. ಪ್ರವಾಸಿಗರನ್ನು ಕರೆತರುವ ಕಾರ್ಯಕ್ರಮಗಳಿಗೆ ಕೋಣೆ ತೆರಿಗೆ. ಊರವರ ಕಾರ್ಯಕ್ರಮಗಳಿಗೆ ಸಾಮಾನ್ಯ ನಿಧಿ, ಪಾರ್ಕಿಂಗ್ ಶುಲ್ಕ, ಪ್ರಾಯೋಜಕರು. ಎರಡನೇ ಗಂಟಿಗೆ ಬೇರೆ ಪ್ರಶ್ನೆಗಳು: ಪ್ರವೇಶ ಉಚಿತವೇ, ಸ್ವಯಂಸೇವಕರು ಎಷ್ಟು ಮಂದಿ ಊರಿನವರು, ಹೋಟೆಲ್ ಕೆಲಸಗಾರರಿಗೆ ಬರಲು ಆಗುವ ದಿನವೇ? ಪ್ರವಾಸಿ ಊರಿನಲ್ಲಿ ಶನಿವಾರ ಸಂಜೆ ಇಟ್ಟರೆ ಊರಿನ ಅರ್ಧ ಜನ ಡ್ಯೂಟಿಯಲ್ಲಿರುತ್ತಾರೆ.

ಇನ್ನೊಂದು ಮಾತು. ಒಂದೇ ದೊಡ್ಡ ಉತ್ಸವದ ಮೇಲೆ ಇಡೀ ವರ್ಷದ ಲೆಕ್ಕ ನಿಲ್ಲಿಸಬೇಡಿ. ಅಮೆರಿಕದ ಪಾರ್ಕ್ ಸಿಟಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವ 1981ರಿಂದ ನಡೆದು ಬಂತು. 2027ರಿಂದ ಅದು ಕೊಲರಾಡೊದ ಬೋಲ್ಡರ್‌ಗೆ ಹೋಗುತ್ತದೆಂದು 2025ರಲ್ಲಿ ಘೋಷಣೆಯಾಯಿತು. ನಾಲ್ಕು ದಶಕದ ನಂಟು ಇದ್ದಲ್ಲೂ ಹೀಗಾಗಬಹುದು. ಯಾವುದೇ ಒಂದು ಕಾರ್ಯಕ್ರಮಕ್ಕೆ ನಿಧಿಯ ಕಾಲು ಭಾಗಕ್ಕಿಂತ ಹೆಚ್ಚು ಹೋಗದಂತೆ ನಿಯಮದಲ್ಲೇ ಬರೆದುಬಿಡಿ.

ಪರ್ಮಿಟ್ ಮೇಜು:
ಎಲ್ಲರೂ ಚೆಕ್ಕಿನ ಮೊತ್ತ ನೋಡುತ್ತಿದ್ದೀರಿ. ಊರು ಕೊಡುವ ದೊಡ್ಡ ಸಹಾಯ ಎಷ್ಟೋ ಸಲ ಚೆಕ್ಕಿನಲ್ಲಿ ಇರುವುದೇ ಇಲ್ಲ. ಪೊಲೀಸರ ಹೆಚ್ಚುವರಿ ಪಾಳಿ, ರಸ್ತೆ ಮುಚ್ಚುವ ತಡೆಗಳು, ಮೈದಾನದ ಬಾಡಿಗೆ ಮನ್ನಾ, ವಿದ್ಯುತ್ ಸಂಪರ್ಕ, ಮರುದಿನ ಬೆಳಗ್ಗೆ ಕಸ ಎತ್ತುವ ಗಾಡಿ ಇವೆಲ್ಲ ಬೇರೆ ಬೇರೆ ಇಲಾಖೆಗಳ ಬಜೆಟ್ಟಿನಲ್ಲಿ ಕರಗಿಹೋಗುತ್ತವೆ. ಒಂದು ದರಪಟ್ಟಿ ಮಾಡಿ: ಒಬ್ಬ ಪೇದೆಗೆ ಗಂಟೆಗೆ ಎಷ್ಟು, ಒಂದು ತಡೆಗೆ ದಿನಕ್ಕೆ ಎಷ್ಟು, ಒಂದು ಲೋಡು ಕಸಕ್ಕೆ ಎಷ್ಟು. ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಪೂರ್ತಿ ಬಿಲ್ ಹಾಕಿ. ಮನ್ನಾ ಮಾಡುವುದಿದ್ದರೆ ಅದೇ ಬಿಲ್ಲಿನಲ್ಲಿ ಮನ್ನಾ ಎಂದು ಕಳೆದು ಬಾಕಿ ಸೊನ್ನೆ ತೋರಿಸಿ. ಆಗ 'ನಾವು ಊರಿನಿಂದ ಬಿಡಿಗಾಸೂ ತೆಗೆದುಕೊಂಡಿಲ್ಲ' ಅನ್ನುವ ಸೈಕಲ್ ರೇಸು, ಅನುದಾನ ಪಡೆದ ರಂಗೋತ್ಸವಕ್ಕಿಂತ ಹೆಚ್ಚು ಖರ್ಚು ಮಾಡಿಸಿದ್ದು ಕಣ್ಣಿಗೆ ಕಾಣುತ್ತದೆ. ರೇಸಿನಲ್ಲಿ ಪ್ರತಿ ಅಡ್ಡರಸ್ತೆಗೂ ಜನ ಬೇಕು, ಖರ್ಚು ಏರುವುದು ಅಲ್ಲೇ.

ದಿನಾಂಕದ ಬಗ್ಗೆ: ವರ್ಷದ ಕ್ಯಾಲೆಂಡರನ್ನು ಮೊದಲು ಗೋಡೆಗೆ ಹಾಕಿ, ಹೋಟೆಲುಗಳು ಹೇಗಿದ್ದರೂ ತುಂಬುವ ವಾರಾಂತ್ಯಗಳನ್ನು ಕೆಂಪಿನಲ್ಲಿ ಗುರುತು ಮಾಡಿ. ಆ ದಿನಗಳಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಪ್ರವಾಸಿ ನಿಧಿಯಿಂದ ಕೊಡಬೇಡಿ. ಬಂದ ಹೊಸಬರು ಹಳೆ ಗಿರಾಕಿಗಳ ಜಾಗವನ್ನೇ ಹಿಡಿಯುತ್ತಾರೆ. ವೇದಿಕೆ ಕಟ್ಟುವವರು, ಧ್ವನಿ-ಬೆಳಕಿನವರು ಸೇರಿ ಐವತ್ತು ಅರವತ್ತು ಕೆಲಸಗಾರರಿಗೂ ಅದೇ ಕೋಣೆಗಳು ಬೇಕು. ಅರ್ಜಿಗೆ ವರ್ಷದಲ್ಲಿ ಒಂದೇ ಸಲ ಕೊನೆಯ ದಿನಾಂಕ ಇಡಿ, ಮುಂದಿನ ವರ್ಷದ ಕಾರ್ಯಕ್ರಮಗಳಿಗೆ ಒಂಬತ್ತು ತಿಂಗಳು ಮುಂಚೆ. ತಡವಾಗಿ ಬಂದವರಿಗಾಗಿ ನೂರಕ್ಕೆ ಹತ್ತನ್ನು ಉಳಿಸಿಕೊಂಡರೆ ಸಾಕು. ಅನುಮತಿಗೆ ರಸ್ತೆ ಮುಚ್ಚುವ ದೊಡ್ಡ ಕಾರ್ಯಕ್ರಮವಾದರೆ 120 ದಿನ, ಮೈದಾನದೊಳಗಿನ ಮಧ್ಯಮಕ್ಕೆ 60, ಚಿಕ್ಕದಕ್ಕೆ 30. ಅನುದಾನ ಸಿಕ್ಕಿತೆಂದರೆ ಅನುಮತಿಯೂ ಸಿಕ್ಕಿತೆಂದು ಅರ್ಥವಲ್ಲ. ಮಂಜೂರಾತಿ ಪತ್ರದಲ್ಲೇ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಅತಿ ಹೆಚ್ಚು ಜಗಳ ಹುಟ್ಟುವುದು ಈ ಒಂದು ತಪ್ಪು ತಿಳುವಳಿಕೆಯಿಂದ.

ಕಂತು: ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ 50%, ಅನುಮತಿ ಮತ್ತು ವಿಮೆಯ ಪತ್ರ ಕೊಟ್ಟಾಗ 30%, ಮುಗಿದು 60 ದಿನದೊಳಗೆ ಲೆಕ್ಕ ಕೊಟ್ಟಾಗ 20%. ಕೊನೆಯ ಕಂತು ಕೈಯಲ್ಲಿ ಇಲ್ಲದಿದ್ದರೆ ವರದಿ ಬರುವುದೇ ಇಲ್ಲ. ವಿಮೆಯಲ್ಲಿ ಊರಿನ ಆಡಳಿತವನ್ನೂ ವಿಮೆಯ ರಕ್ಷಣೆ ಪಡೆಯುವವರಲ್ಲಿ ಒಬ್ಬರೆಂದು ಸೇರಿಸಿದ ಪುಟವನ್ನೇ ಕೇಳಿ, ಪಾಲಿಸಿಯ ಮೊದಲ ಪುಟದ ನಕಲು ಸಾಲದು. ಜತೆಗೆ ಪಾಲಿಸಿ ಶುರುವಾಗುವ ದಿನ ನೋಡಿ. ವೇದಿಕೆ ಕಟ್ಟುವ ಮತ್ತು ಬಿಚ್ಚುವ ದಿನಗಳನ್ನು ಬಿಟ್ಟು ಕಾರ್ಯಕ್ರಮದ ದಿನಕ್ಕೆ ಮಾತ್ರ ಮಾಡಿಸಿರುತ್ತಾರೆ, ಅವಘಡ ಆಗುವುದು ಕಟ್ಟುವಾಗಲೇ.

ಗುಡ್ಡದಂಚು:
ತುಂಬಾ ಉಪಕಾರವಾಯಿತು. ಎರಡು ಸಂದೇಹ. ಚಿಕ್ಕ ಸಂಘಗಳ ಕೈಯಲ್ಲಿ ಮುಂಗಡ ಹಾಕಲು ಹಣ ಇರುವುದಿಲ್ಲ, 20% ತಡೆದರೆ ಅವರು ಪರದಾಡುತ್ತಾರೆ. ಇನ್ನು ಟಿಕೆಟ್ ಇಲ್ಲದ ಕಾರ್ಯಕ್ರಮಕ್ಕೆ ಬಂದವರನ್ನು ಎಣಿಸುವುದು ಹೇಗೆ?

ಖಜಾನೆಕೀಲಿ:
ಚಿಕ್ಕ ಮೊತ್ತಕ್ಕೆ ಬೇರೆ ದಾರಿ ಇಡಿ: ಎರಡು ಪುಟದ ಅರ್ಜಿ, 90% ಮುಂಗಡ, ವರದಿ ಒಂದು ಪುಟ. ವರದಿ ಕೊಡದ ಸಂಘಕ್ಕೆ ಮುಂದಿನ ವರ್ಷ ಅರ್ಜಿ ಹಾಕುವಂತಿಲ್ಲ, ಅಷ್ಟೇ ಶಿಕ್ಷೆ. ಸಣ್ಣ ಅನುದಾನಕ್ಕೆ ದೊಡ್ಡದರಷ್ಟೇ ಕಾಗದ ಕೇಳಿದರೆ ಕಚೇರಿಯ ಸಮಯದ ಬೆಲೆಯೇ ಅನುದಾನವನ್ನು ಮೀರುತ್ತದೆ.

ಎಣಿಕೆಗೆ, ಮೈದಾನವನ್ನು ಚೌಕಗಳಾಗಿ ವಿಂಗಡಿಸಿ, ಗಂಟೆಗೊಮ್ಮೆ ಎತ್ತರದಿಂದ ಫೋಟೋ ತೆಗೆದು ಎಣಿಸಿ. ಗಂಟೆಗಳ ಲೆಕ್ಕವನ್ನು ಹಾಗೇ ಕೂಡಿಸಬೇಡಿ. ಮೂರು ಗಂಟೆ ನಿಂತವನನ್ನು ಮೂರು ಸಲ ಎಣಿಸಿದಂತಾಗುತ್ತದೆ. ಒಟ್ಟನ್ನು ಸರಾಸರಿ ಎಷ್ಟು ಗಂಟೆ ಇದ್ದರು ಅನ್ನುವುದರಿಂದ ಭಾಗಿಸಿ. ಜತೆಗೆ ಸುಮಾರು 400 ಜನರನ್ನು ಮಾತಾಡಿಸಿ, 5% ಆಚೀಚೆಯ ನಿಖರತೆಗೆ ಅಷ್ಟು ಸಾಕು. ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿರಿ, ಅದಕ್ಕೆ ಹಣ ಕೊಟ್ಟಿರಾ, ಇದು ಇಲ್ಲದಿದ್ದರೆ ಈ ವಾರ ಬರುತ್ತಿದ್ದಿರಾ, ಎಷ್ಟು ಹೊತ್ತು ಇದ್ದಿರಿ? ಈ ನಾಲ್ಕೇ ಪ್ರಶ್ನೆ. ಹೊರಹೋಗುವ ಬಾಗಿಲಲ್ಲಿ ಪ್ರತಿ ಹತ್ತನೆಯವರನ್ನು ನಿಲ್ಲಿಸಿ ಕೇಳಿ. ವೇದಿಕೆಯ ಮುಂದೆ ಕೇಳಿದರೆ ಹೆಚ್ಚು ಹೊತ್ತು ಇದ್ದವರೇ ಹೆಚ್ಚು ಸಿಗುತ್ತಾರೆ, ದೂರದವರ ಪಾಲು ಉಬ್ಬುತ್ತದೆ.

ಮೈದಾನ ಉಸ್ತುವಾರಿ:
ಹಣದ ಮಾತು ಮುಗಿದಿದ್ದರೆ ಬಾಗಿಲಿನ ಅಗಲದ ಬಗ್ಗೆ ಹೇಳುತ್ತೇನೆ, ನಿಯಮಾವಳಿಯಲ್ಲಿ ಇದು ಸೇರಲೇಬೇಕು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಮಾರ್ಗಸೂಚಿಯ ಪ್ರಕಾರ ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 82 ಜನ ದಾಟಬಹುದು, ಮೆಟ್ಟಿಲಾದರೆ 66. ಜಾಗ ಖಾಲಿಯಾಗಲು ಗರಿಷ್ಠ 8 ನಿಮಿಷ. ಅದೇ 3,000 ಜನರಿಗೆ ಮೂರು ಮೀಟರಿನ ಎರಡು ಬಾಗಿಲಿದ್ದರೆ ನಿಮಿಷಕ್ಕೆ 492 ಜನ, ಆರು ನಿಮಿಷ ಚಿಲ್ಲರೆಗೆ ಖಾಲಿ. ಈಗ ಸಂಜೆ ಐದಕ್ಕೆ ಯಾರೋ ಒಂದು ತಿಂಡಿ ಗಾಡಿಯನ್ನು ಒಂದು ಬಾಗಿಲ ಪಕ್ಕ ನಿಲ್ಲಿಸುತ್ತಾರೆ, ಬಾಗಿಲು ಒಂದೂವರೆ ಮೀಟರಿಗೆ ಇಳಿಯುತ್ತದೆ. ನಿಮಿಷಕ್ಕೆ 369 ಜನ, 8 ನಿಮಿಷ ದಾಟಿತು. ನಕ್ಷೆಯಲ್ಲಿ ಎಲ್ಲ ಸರಿಯಿತ್ತು, ಕೆಟ್ಟದ್ದು ಒಂದು ಗಾಡಿಯಿಂದ. ಅದಕ್ಕೇ ಬಾಗಿಲು ತೆರೆಯುವ ಒಂದು ಗಂಟೆ ಮುಂಚೆ ಟೇಪು ಹಿಡಿದು ಅಳೆಯುವ ಒಬ್ಬರ ಹೆಸರು ಯೋಜನೆಯಲ್ಲಿ ಇರಲಿ.

ನಿಂತ ಗುಂಪು ಚದರ ಮೀಟರಿಗೆ ನಾಲ್ಕು ಜನರನ್ನು ಮುಟ್ಟಿದರೆ ಒಳಬಿಡುವುದನ್ನು ನಿಲ್ಲಿಸಿ. ಶೌಚಾಲಯಕ್ಕೆ ದಿನವಿಡೀ ನಡೆಯುವ ಕಾರ್ಯಕ್ರಮದ ರೂಢಿ ಲೆಕ್ಕ: 100 ಹೆಂಗಸರಿಗೆ ಒಂದು, 500 ಗಂಡಸರಿಗೆ ಒಂದು, ಜತೆಗೆ 150 ಗಂಡಸರಿಗೆ ಒಂದು ಮೂತ್ರದ ಜಾಗ. ಗಾಲಿಕುರ್ಚಿಯವರದು ಬೇರೆ.

ಎಲ್ಲಕ್ಕಿಂತ ಮುಖ್ಯ, ನಿಲ್ಲಿಸುವ ಅಧಿಕಾರ ಯಾರದು ಎಂದು ಬರೆದಿಡಿ. 2011ರ ಆಗಸ್ಟ್ 13ರಂದು ಇಂಡಿಯಾನಾ ರಾಜ್ಯ ಮೇಳದಲ್ಲಿ ಬಿರುಗಾಳಿಗೆ ವೇದಿಕೆಯ ಚಾವಣಿ ಕುಸಿದು ಏಳು ಜನ ಸತ್ತರು. ಕಟ್ಟಣೆ ಗಾಳಿ ತಡೆಯುವಷ್ಟು ಗಟ್ಟಿ ಇರಲಿಲ್ಲ. ಅದರ ಮೇಲೆ ಕಾರ್ಯಕ್ರಮ ತಡೆಯುವ ಮಾತು ಯಾರು ಹೇಳಬೇಕು ಅನ್ನುವುದೂ ಸ್ಪಷ್ಟವಿರಲಿಲ್ಲ ಎಂದು ತನಿಖೆ ಹೇಳಿತು. ಬೆಟ್ಟದ ಊರು, ಕಡಲ ಊರು ಎರಡರಲ್ಲೂ ಗಾಳಿ ಹೇಳದೆ ಕೇಳದೆ ಬರುತ್ತದೆ. ವೇದಿಕೆಯ ಎಂಜಿನಿಯರ್ ಕೊಟ್ಟ ಗಾಳಿಯ ಮಿತಿಗಳನ್ನು ಅನುಮತಿ ಪತ್ರಕ್ಕೆ ಲಗತ್ತಿಸಿ, ಗಾಳಿಮಾಪಕವನ್ನು ಚಾವಣಿಯ ಎತ್ತರದಲ್ಲೇ ಕಟ್ಟಿಸಿ, ನೆಲದಲ್ಲಿ ಹಿಡಿದು ನೋಡಿದ ಅಂಕಿ ಕಡಿಮೆ ತೋರಿಸುತ್ತದೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ನಿಲ್ಲಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಹೀಗೆ ನಿಲ್ಲಿಸಿದ ಆಯೋಜಕರ ಅನುದಾನಕ್ಕೆ ಕತ್ತರಿ ಬೀಳುವುದಿಲ್ಲ, ಆಗಿಹೋದ ಖರ್ಚನ್ನು ಬಿಲ್ ಪ್ರಕಾರ ಕೊಡುತ್ತೇವೆ ಎಂದು ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ. ಆ ಸಾಲು ಇಲ್ಲದಿದ್ದರೆ ಅವರು ಇನ್ನೊಂದು ಹಾಡು ಮುಗಿಯಲಿ ಎಂದು ಕಾಯುತ್ತಾರೆ.