ತೋಟದ ರೈಲಿಗೆ ನೀರಿನ ಗಿರಣಿ: ಮರದ ಚಕ್ರವೋ, ಫೋಮ್ ಶೀಟೋ? ಮಾಡಿದವರು ಹೇಳಿ

ಹಳಿಬದಿ

ನಮ್ಮ ತೋಟದಲ್ಲಿ ಓಡುವ ಮಾದರಿ ರೈಲಿನ ಪಕ್ಕದಲ್ಲಿ ನೀರಿನ ಗಿರಣಿಯ ಮಾದರಿ ಮಾಡಬೇಕು ಅಂತಿದ್ದೇನೆ. ಎರಡು ಹಳಿಗಳ ನಡುವೆ 45 ಮಿ.ಮೀ., ಸ್ಕೇಲ್ 1:22.5. ಚಕ್ರ 20 ಸೆಂ.ಮೀ., ಅಂದರೆ ನಿಜದಲ್ಲಿ ನಾಲ್ಕೂವರೆ ಮೀಟರಿನದ್ದು. ನೀರು ಮೇಲಿಂದ ಬೀಳುವ ಓವರ್‌ಶಾಟ್ ಮಾದರಿ. ಕೊಳ ಆಗಲೇ ಇದೆ, ಅರ್ಧ ಮೀಟರ್ ಮೇಲಕ್ಕೆ ನೀರು ಎತ್ತಿದರೆ ಸಾಕು. ಕೇಳುವುದು ಎರಡೇ. ಚಕ್ರ ಮರದ್ದೋ, ಪಿವಿಸಿ ಫೋಮ್ ಶೀಟಿನದ್ದೋ? ಹಳಿಯಿಂದ ಎಷ್ಟು ದೂರ ಇಡಬೇಕು? ನನ್ನದು ಬ್ಯಾಟರಿ ಇಂಜಿನ್ ಅಲ್ಲ, ಹಳಿಯಿಂದಲೇ ಕರೆಂಟು.

ತೇಗದ ಹಲಗೆ

ಮರ. ಬೇರೆ ಮಾತೇ ಇಲ್ಲ. ಆದರೆ ನಾನು ಮೂರು ಚಕ್ರ ಮಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೊದಲನೆಯದಕ್ಕೆ 2 ಮಿ.ಮೀ. ತೇಗದ ಪಟ್ಟಿ, 24 ಬಕೆಟ್, ಅಂದರೆ ಚಕ್ರದ ಅಂಚಿನಲ್ಲಿ ನೀರು ಹಿಡಿಯುವ ಗೂಡುಗಳು. ಒಂದೊಂದಕ್ಕೆ ಎರಡು ತುಂಡು, ಒಟ್ಟು 48. ಎಲ್ಲವನ್ನೂ ಕೈಯಲ್ಲೇ ಕೊಯ್ದೆ. 11 ಗರಗಸದ ಬ್ಲೇಡ್ ಮುರಿದವು. ಮರಕ್ಕೆ ಕೊಟ್ಟದ್ದಕ್ಕಿಂತ ಬ್ಲೇಡಿಗೆ ಕೊಟ್ಟದ್ದು ಜಾಸ್ತಿ. 41 ಸಂಜೆ ಹಿಡಿಯಿತು, ಗೋಡೆ ಮೇಲೆ ಗೆರೆ ಹಾಕಿ ಎಣಿಸಿದ್ದೇನೆ. ಎರಡು ವಾರ ಬಹಳ ಚೆನ್ನಾಗಿ ತಿರುಗಿತು. ಆಮೇಲೆ ಪಂಪ್ ಆರಿಸಿ ಹತ್ತು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಚಕ್ರದ ಕೆಳಗಿನ ಏಳು ಬಕೆಟ್ ನೀರಲ್ಲೇ ಮುಳುಗಿ ನಿಂತಿವೆ. ಕಪ್ಪಾಗಿ, ಊದಿಕೊಂಡು. ಮೇಲಿನವು ಒಣಗಿ ಹಗುರ. ಪಂಪ್ ಹಾಕಿದೆ. ಆ ಏಳು ಮೇಲೇರುವಾಗ ಚಕ್ರ ಅಲ್ಲೇ ನಿಲ್ಲುತ್ತದೆ, ಎದುರಿನ ಬಕೆಟ್‌ಗಳು ತುಂಬಿ ತುಳುಕುತ್ತವೆ, ಆಮೇಲೆ ದಢಕ್ಕನೆ ಅರ್ಧ ಸುತ್ತು. ಕುಂಟು ಎತ್ತು ಹೆಜ್ಜೆ ಹಾಕಿದ ಹಾಗೆ. ನಿಜವಾದ ಮರದ ಚಕ್ರಗಳಿಗೂ ಇದೇ ಕಾಯಿಲೆ, ಸುಮ್ನೆ ನಿಲ್ಲಿಸಿದರೆ ಒಂದು ಕಡೆ ನೀರು ಕುಡಿದು ತೂಕ ತಪ್ಪುತ್ತದೆ.

ನೆರಳಲ್ಲಿ ಒಣಗಿಸಿದೆ. ನಾಲ್ಕನೇ ದಿನ ಅಂಚು ಸೀಳಿತು. ಎರಡನೆಯದಕ್ಕೆ ವಾರ್ನಿಷ್ ಬಳಿದೆ, ಅದು ಸಿಪ್ಪೆ ಸಿಪ್ಪೆಯಾಗಿ ಎದ್ದು ಪಂಪಿನ ಬಾಯಿಗೆ ಹೋಯಿತು. ಮೂರನೆಯದಕ್ಕೆ ವಾರ್ನಿಷ್ ಇಲ್ಲ, ಬರೀ ಎಣ್ಣೆ. ಚಕ್ರದ ತಳ ನೀರಿಗಿಂತ ಒಂದು ಸೆಂ.ಮೀ. ಮೇಲೆ. ಆರು ವರ್ಷದಿಂದ ತಿರುಗುತ್ತಿದೆ. ಫೋಮ್ ಶೀಟಿನದ್ದು ಹತ್ತಿರ ಹೋದರೆ ಸೋಪಿನ ಡಬ್ಬಿ ಥರ ಕಾಣುತ್ತದೆ, ಅದರ ಗೋಜಿಗೆ ಹೋಗಬೇಡಿ.

ನಿಧಾನ ಗಾಡಿ

ಆ ಸೋಪಿನ ಡಬ್ಬಿಯವನು ನಾನೇ. ಹೋದ ಸಲ ನನ್ನ ಫೋಟೊ ನೋಡಿ "ಯಾವ ಮರ ಇದು?" ಅಂತ ಕೇಳಿದ್ದು ಯಾರು, ನೆನಪಿದೆಯಾ?

ಪಕ್ಕಕ್ಕೆ 3 ಮಿ.ಮೀ. ಶೀಟ್, ಬಕೆಟ್‌ಗೆ 2. ತಂತಿ ಬ್ರಷ್‌ನಿಂದ ಒಂದೇ ದಿಕ್ಕಿಗೆ ಎಳೆದರೆ ಮರದ ನಾರು ಬರುತ್ತದೆ. ಕೆಲಸ ಐದು ಸಂಜೆ, ಐದೇ. ಕಷ್ಟ ಬಂದದ್ದು ಆಮೇಲೆ. ಸೂಪರ್ ಗ್ಲೂನಲ್ಲಿ ಅಂಟಿಸಿದ್ದೆ. ಎರಡನೇ ಮಳೆಗಾಲಕ್ಕೆ ಬಕೆಟ್ ಒಂದೊಂದೇ ಉದುರತೊಡಗಿದವು. ದಿನಾ ಬೆಳಿಗ್ಗೆ ಪಂಪಿನ ಜಾಲರಿಯಲ್ಲಿ ಒಂದು ಸಿಗುತ್ತಿತ್ತು, ಹಾಲುಹಲ್ಲು ಬಿದ್ದ ಹಾಗೆ. ಪೈಪ್ ಅಂಟಿಸುವ ಸಾಲ್ವೆಂಟ್ ತಂದೆ. ಜಾಸ್ತಿ ಬಳಿದೆ, ಅದು 2 ಮಿ.ಮೀ. ಶೀಟನ್ನೇ ಮೆತ್ತಗೆ ಮಾಡಿ ಸೊಟ್ಟ ಮಾಡಿತು. ಕಡ್ಡಿಯ ತುದಿಯಲ್ಲಿ ಒಂದು ಗೆರೆ ಎಳೆದರೆ ಸಾಕು ಅಂತ ಗೊತ್ತಾಗುವಾಗ ಎರಡು ಶೀಟ್ ಹೋಗಿತ್ತು.

ಅದು ಸರಿಹೋಯಿತು ಅಂದರೆ ಬಣ್ಣ ಕೈ ಕೊಟ್ಟಿತು. ಗಾಢ ಕಂದು ಬಳಿದಿದ್ದೆ. ಬೇಸಿಗೆಯ ಮಧ್ಯಾಹ್ನ ಪಂಪ್ ನಿಂತಿತ್ತು, ಚಕ್ರದ ಮೇಲೆ ನೀರಿಲ್ಲ. ಸಂಜೆ ನೋಡಿದರೆ ಅಂಚು ನೆಂದ ಪುಸ್ತಕದ ಹಾಳೆಯ ಹಾಗೆ ಅಲೆಅಲೆ. ಈಗ ಬೂದು ಬಣ್ಣ. ಹಳೇ ಮರ ಬಿಸಿಲಿಗೆ ಬೂದಾಗೇ ಇರುತ್ತದೆ, ಅಲ್ವಾ?

ಬಾಲ್ ಬೇರಿಂಗ್ ಹಾಕಬೇಡಿ. ಒಂದೇ ಮಳೆಗೆ ತುಕ್ಕು ಹಿಡಿದು ಚಕ್ರ ಕಿರ್ರೋ ಅಂತ ಅಳುತ್ತಿತ್ತು. 4 ಮಿ.ಮೀ. ಸ್ಟೇನ್‌ಲೆಸ್ ಅಚ್ಚು, ನೈಲಾನ್ ಬುಷ್. ಗ್ರೀಸ್ ಬೇಡ, ನೀರೇ ಗ್ರೀಸ್.

ಪದರ ಪದರ

3ಡಿ ಪ್ರಿಂಟರ್ ಇಲ್ಲವಾ ಯಾರ ಹತ್ತಿರವೂ? ಅರ್ಧ ದಿನದ ಕೆಲಸಕ್ಕೆ 41 ಸಂಜೆಯಾ!

ತೇಗದ ಹಲಗೆ

ನಿಮ್ಮ ಪಿಎಲ್‌ಎ ಪ್ಲಾಸ್ಟಿಕ್ ಚಕ್ರ ಬಿಸಿಲಿಗೆ ಬಾಗಿ ನಿಂತ ಫೋಟೊ ನೀವೇ ಹಾಕಿದ್ದಿರಿ. 60 ಡಿಗ್ರಿಗೆ ಮೆತ್ತಗಾಗುವ ವಸ್ತು ಅದು.

ಪದರ ಪದರ

ಆಮೇಲೆ ಬಿಸಿಲು ತಡೆಯುವ ಎಎಸ್‌ಎ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು. ಅದು ಸರಿ ಇದೆ. ಆ ಫೋಟೊ ಮಾತ್ರ ನಿಮಗೆ ಕಾಣಲಿಲ್ಲ.

ಗಿಯರ್ ಗುಟ್ಟು

ಮರ, ಫೋಮ್ ಅಂತ ಹೊಡೆದಾಡುವ ಮೊದಲು ಒಂದು ಲೆಕ್ಕ ಮಾಡಿ. ಮನೆ ಚಿಕ್ಕದು ಮಾಡಬಹುದು, ಜನರನ್ನು ಚಿಕ್ಕದು ಮಾಡಬಹುದು, ನೀರನ್ನು ಚಿಕ್ಕದು ಮಾಡೋಕಾಗಲ್ಲ. ನಾಲ್ಕೂವರೆ ಮೀಟರಿನ ಚಕ್ರ ನಿಮಿಷಕ್ಕೆ 8 ಸುತ್ತು ಹಾಕುತ್ತದೆ ಅಂತ ಇಟ್ಟುಕೊಳ್ಳಿ. ಮಾದರಿ ತನ್ನ ಪಾಡಿಗೆ ತಿರುಗಿದರೆ ವೇಗ ಸ್ಕೇಲಿನ ವರ್ಗಮೂಲದಷ್ಟು ಪಟ್ಟು ಏರುತ್ತದೆ. 22.5ರ ವರ್ಗಮೂಲ 4.74. ಅಂದರೆ ನಿಮಿಷಕ್ಕೆ 38 ಸುತ್ತು. ಪಕ್ಕದಲ್ಲಿ ರೈಲು ಗಂಭೀರವಾಗಿ ಹೋಗುತ್ತಿದ್ದರೆ ಗಿರಣಿ ಫ್ಯಾನಿನ ಹಾಗೆ ಗಿರಗಿರ ಅನ್ನುತ್ತದೆ.

ಅದಕ್ಕೇ ನಾನು ಗಿರಣಿ ಮನೆಯೊಳಗೆ 12 ವೋಲ್ಟಿನ ಗಿಯರ್ ಮೋಟಾರ್ ಇಟ್ಟಿದ್ದೇನೆ, ನಿಮಿಷಕ್ಕೆ 8 ಸುತ್ತು. ನೀರು ಬರೀ ನೋಟಕ್ಕೆ. ಮೋಟಾರ್ ಮೂರು ಹೋದವು, ಮುಚ್ಚಿಡುವುದಿಲ್ಲ. ಮೊದಲನೆಯದು ತೇವಕ್ಕೆ ಸತ್ತಿತು. ಮನೆಯೊಳಗೆ ಬೆಳಿಗ್ಗೆ ಗಾಜಿನ ಮೇಲಿನ ಹಾಗೆ ಹನಿ ಕೂರುತ್ತದೆ. ಎರಡನೆಯದು ತಿರುಗುತ್ತಿದ್ದಾಗ ಒಂದು ಮಗು ಚಕ್ರ ಹಿಡಿದುಕೊಂಡಿತು, ಒಳಗಿನ ಪ್ಲಾಸ್ಟಿಕ್ ಗಿಯರ್ ಹಲ್ಲು ಪಟಪಟ ಅಂತ ಹೋಯಿತು. ಮೂರನೆಯದರ ತಪ್ಪು ನನ್ನದೇ, 24 ವೋಲ್ಟ್ ಕೊಟ್ಟೆ. ನಾಲ್ಕನೆಯದು ಮುಚ್ಚಳದ ಡಬ್ಬಿಯಲ್ಲಿದೆ, ರಬ್ಬರ್ ಬೆಲ್ಟಿನಲ್ಲಿ ತಿರುಗುತ್ತದೆ. ಯಾರಾದರೂ ಚಕ್ರ ಹಿಡಿದರೆ ಬೆಲ್ಟ್ ಜಾರುತ್ತದೆ, ಅಷ್ಟೇ.

ಉಗಿಬಂಡಿ

ಮೋಟಾರ್ ಹಾಕಿದ ಮೇಲೆ ಅದು ಗಿರಣಿ ಅಲ್ಲ, ಗೊಂಬೆ.

ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿ ಮುಂದೆ ಇಟ್ಟದ್ದೇ ಮಾದರಿ ಚಕ್ರದ ಪ್ರಯೋಗಗಳನ್ನು. ಅಡ್ಡಳತೆ ಎರಡು ಅಡಿ, ಹಳಿಬದಿಯವರ 20 ಸೆಂ.ಮೀ. ಚಕ್ರದ ಸುಮಾರು ಮೂರು ಪಟ್ಟು. ತಳದಲ್ಲಿ ನೀರು ತಳ್ಳುವ ಚಕ್ರಕ್ಕಿಂತ ಮೇಲಿಂದ ನೀರು ಬೀಳುವ ಚಕ್ರ ಸುಮಾರು ಎರಡು ಪಟ್ಟು ಕೆಲಸ ಮಾಡುತ್ತದೆ ಅಂತ ತೋರಿಸಿದ್ದು ಆ ಮಾದರಿಯಲ್ಲೇ. ಅದಕ್ಕೆ ಆ ಸೊಸೈಟಿಯ ಕಾಪ್ಲಿ ಪದಕ ಸಿಕ್ಕಿತು. ಮಾದರಿ ಅಂದರೆ ನೀರು ಬರೀ ನೋಟಕ್ಕೆ ಅನ್ನುವವರು ಇದನ್ನು ಓದಿಕೊಳ್ಳಿ.

ಗಿರಗಿರ ತಿರುಗುವುದು ಚಕ್ರಕ್ಕೆ ಕೆಲಸ ಇಲ್ಲದ್ದಕ್ಕೆ. ಕೆಲಸ ಕೊಡಿ. ನಿಮಿಷಕ್ಕೆ 6 ಲೀಟರ್, ಬೀಳುವ ಎತ್ತರ 20 ಸೆಂ.ಮೀ. ಅಂದರೆ ನೀರಲ್ಲಿರುವ ಶಕ್ತಿಯೇ 0.2 ವಾಟ್. ಅಷ್ಟಕ್ಕೆ ಒಂದು ಚೂರು ಫೆಲ್ಟ್ ಬಟ್ಟೆ ಅಚ್ಚಿಗೆ ಒತ್ತಿದರೂ ವೇಗ ಇಳಿಯುತ್ತದೆ. ನಾನು ಒಳಗೆ ಅಂಗೈಯೊಳಗೆ ಹಿಡಿಯುವಷ್ಟು ಎರಡು ಕಲ್ಲು ಇಟ್ಟಿದ್ದೇನೆ, ಮೇಲಿನದು ತಿರುಗುತ್ತದೆ. ನಿಮಿಷಕ್ಕೆ 14 ಸುತ್ತು.

ನಾನು ಕೈ ಸುಟ್ಟುಕೊಂಡದ್ದು ಪಂಪಿನಲ್ಲಿ. ಪೆಟ್ಟಿಗೆ ಮೇಲೆ ಗಂಟೆಗೆ 1500 ಲೀಟರ್ ಅಂತ ಇತ್ತು. ಅದು ಎತ್ತರವೇ ಇಲ್ಲದಿದ್ದಾಗಿನ ಲೆಕ್ಕ. ನನ್ನ 80 ಸೆಂ.ಮೀ. ಎತ್ತರ, 12 ಮಿ.ಮೀ. ಪೈಪ್, ನಾಲ್ಕು ಎಲ್ಬೋ ದಾಟಿ ಮೇಲೆ ಬಂದದ್ದು ಒಂದು ಬಕೆಟ್ ಇಟ್ಟು ಅಳೆದರೆ 300 ಚಿಲ್ಲರೆ. ಎರಡು ಪಟ್ಟಿನ ಪಂಪ್ ತಂದೆ. ಚಕ್ರಕ್ಕೆ ನೀರು ತರುವ ದೋಣಿಯಿಂದ ನೀರು ಹಾರಿ ಚಕ್ರವನ್ನೇ ದಾಟಿ ಆಚೆ ಬಿತ್ತು. ಅದಕ್ಕೊಂದು ಟೀ ಜಾಯಿಂಟ್, ಒಂದು ವಾಲ್ವ್. ವಾಲ್ವ್ ಸೋರಿತು, ಇನ್ನೊಂದು ವಾಲ್ವ್. ಆಮೇಲೆ ಒಬ್ಬರು ಹೇಳಿದರು, ಹಳೇ ಪಂಪಿಗೇ 20 ಮಿ.ಮೀ. ಪೈಪ್ ಹಾಕಿದ್ದರೆ ಮುಗಿಯುತ್ತಿತ್ತಲ್ಲ ಅಂತ. ಹಾಕಿ ನೋಡಿದೆ. ಹೌದು, ಮುಗಿಯುತ್ತಿತ್ತು. ದೊಡ್ಡ ಪಂಪ್ ಎರಡು ವರ್ಷದಿಂದ ಕಪಾಟಿನಲ್ಲಿದೆ. ಆ ದುಡ್ಡಿಗೆ ಒಂದು ಒಳ್ಳೆ ವ್ಯಾಗನ್ ಬರುತ್ತಿತ್ತು.

ಗಿಯರ್ ಗುಟ್ಟು

ನಿಮ್ಮ ಗಿರಣಿಯ ವಿಡಿಯೊ ನೋಡಿದ್ದೇನೆ. ಫೆಲ್ಟಿಗೆ ಪಾಚಿ ಹಿಡಿದು ಚಕ್ರ ಎರಡು ಸುತ್ತಿಗೊಮ್ಮೆ ಯೋಚನೆ ಮಾಡುತ್ತದೆ. ಗೊಂಬೆ ಅಂತ ಬೇರೆ ಹೇಳುತ್ತೀರಿ. ನಿಮ್ಮ ಉಗಿ ಇಂಜಿನ್ನಿನ ರೆಗ್ಯುಲೇಟರ್ ತಿರುಗಿಸುವುದು ಏನು? ರೇಡಿಯೊ ಸರ್ವೊ. ಅದರೊಳಗೆ ಏನಿದೆ? ಮೋಟಾರ್.

ಉಗಿಬಂಡಿ

ಸರ್ವೊ ತಿರುಗಿಸುವುದು ವಾಲ್ವನ್ನು. ಗಾಡಿ ಎಳೆಯುವುದು ಉಗಿ. ಇಷ್ಟು ವ್ಯತ್ಯಾಸ ಗೊತ್ತಾಗದಿದ್ದರೆ ಮಾತು ಮುಂದುವರಿಸಿ ಪ್ರಯೋಜನ ಇಲ್ಲ.

ತೇಗದ ಹಲಗೆ

ಗಿಯರ್ ಗುಟ್ಟು ಅವರೇ, ನಿಮ್ಮ ಹಳೇ ವಿಡಿಯೊ ಈಗ ಮತ್ತೆ ನೋಡಿದೆ. ದೋಣಿ ಎಡದಿಂದ ಬಂದು ಚಕ್ರದ ನೆತ್ತಿ ದಾಟಿ ನಿಂತಿದೆ. ನೀರು ಬಲಕ್ಕೆ ಬೀಳುತ್ತಿದೆ. ಬಲಗಡೆ ಬಕೆಟ್ ಕೆಳಗಿಳಿಯಬೇಕು. ನಿಮ್ಮದು ಮೇಲೇರುತ್ತಿದೆ!

ಗಿಯರ್ ಗುಟ್ಟು

ಅದು ಪಿಚ್‌ಬ್ಯಾಕ್ ಚಕ್ರ. ಹಿಂದಕ್ಕೆ ತಿರುಗುವ ಚಕ್ರಗಳೂ ಇವೆ.

ತೇಗದ ಹಲಗೆ

ಪಿಚ್‌ಬ್ಯಾಕ್‌ನಲ್ಲಿ ದೋಣಿ ನೆತ್ತಿಗಿಂತ ಮೊದಲೇ ನಿಲ್ಲುತ್ತದೆ, ನೀರು ಬಂದ ಕಡೆಯೇ ಬಕೆಟ್ ಇಳಿಯುತ್ತದೆ. ತಳದಲ್ಲಿ ಚಕ್ರ ನೀರು ಹೊರಟ ದಿಕ್ಕಿಗೇ ಸರಿಯುತ್ತದೆ ಅನ್ನುವುದು ಅದರ ಲಾಭ. ನಿಮ್ಮದರಲ್ಲಿ ಬಲಗಡೆ ತುಂಬಿದ ಬಕೆಟ್ ನೆತ್ತಿ ಹತ್ತಿ ಎಡಗಡೆ ಸುರಿಯುತ್ತಿದೆ. ಅದು ಗಿರಣಿ ಅಲ್ಲ ಸ್ವಾಮಿ, ಏತ.

ಉಗಿಬಂಡಿ

ನೀರು ಬರೀ ನೋಟಕ್ಕೆ ಅಂದಿದ್ದರಲ್ಲ.

ನಿಧಾನ ಗಾಡಿ

ಎರಡು ವರ್ಷ ಆ ವಿಡಿಯೊಗೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ತೇಗದ ಹಲಗೆಯವರೂ ಸೇರಿ.

ಹಳಿಬದಿ

ಎಲ್ಲರಿಗೂ ಧನ್ಯವಾದ. ಹಳಿಯಿಂದ ಎಷ್ಟು ದೂರ ಅಂತ ಯಾರೂ ಹೇಳಲಿಲ್ಲ.

ಸುಣ್ಣದ ಚುಕ್ಕೆ

ನಾನು ಹೇಳುತ್ತೇನೆ. ಈ ವಿಷಯದಲ್ಲಿ ನನ್ನಷ್ಟು ಪೆಟ್ಟು ತಿಂದವರು ಇಲ್ಲಿಲ್ಲ.

ನನ್ನ ಚಕ್ರ ಹಳಿಯಿಂದ 40 ಸೆಂ.ಮೀ. ದೂರ ಇತ್ತು. ರೈಲು ದಿನಾ ಒಂದೇ ಜಾಗದಲ್ಲಿ ತಡವರಿಸುತ್ತಿತ್ತು, ಗಿರಣಿ ದಾಟಿ ಎರಡು ಹಳಿ ಉದ್ದ. ಇಂಜಿನ್ ಚಕ್ರ ಒರೆಸಿದೆ. ಹಳಿ ಉಜ್ಜಿದೆ. ಎರಡು ದಿನ ಸರಿ, ಮತ್ತೆ ಅದೇ. ಜೋಡಣೆ ಸಡಿಲ ಅಂದುಕೊಂಡು 11 ಜಾಯಿನರ್ ಬದಲಿಸಿದೆ, ಹಿತ್ತಾಳೆಯ ಸ್ಕ್ರೂ ಹಾಕುವಂಥವು, ಒಂದೊಂದೂ ದುಬಾರಿ. ಆಮೇಲೆ ವೋಲ್ಟೇಜ್ ಇಳಿಯುತ್ತಿದೆ ಅಂದುಕೊಂಡೆ. ಜಲ್ಲಿ ಎಲ್ಲ ತೆಗೆದು 9 ಮೀಟರ್ ಹೊಸ ವೈರ್ ಎಳೆದೆ. ಮಂಡಿ ಊರಿ ಮೂರು ಭಾನುವಾರ. ಆಗಲೂ ಅದೇ ತಡವರಿಕೆ.

ಒಂದು ಸಂಜೆ ಸೂರ್ಯ ಇಳಿಯುವಾಗ ನೆಲಕ್ಕೆ ಕೆನ್ನೆ ಇಟ್ಟು ಹಳಿ ನೋಡಿದೆ. ಹಳಿಯ ತಲೆಯ ಮೇಲೆ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು, ಉಗುರಿಗೆ ಒರಟು. ನಮ್ಮ ನೀರು ಗಡಸು. ಚಕ್ರದಿಂದ ಹನಿ ಹಾರಿ ಬಿಸಿ ಹಳಿ ಮೇಲೆ ಒಣಗಿ ಸುಣ್ಣ ಉಳಿಯುತ್ತಿತ್ತು. ಸುಣ್ಣದಲ್ಲಿ ಕರೆಂಟು ಹರಿಯುತ್ತಾ?

ಆಮೇಲೆ ಹೀಗೆ ಮಾಡಿದೆ. ಹಳೇ ಪೇಪರ್ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟು ಪಂಪ್ ಹಾಕಿ ಒಂದು ಗಂಟೆ ಬಿಟ್ಟೆ. ಗಾಳಿ ಇಲ್ಲದಾಗ ಹನಿ 25 ಸೆಂ.ಮೀ. ಒಳಗೇ ಬಿದ್ದವು. ಗಾಳಿ ಬೀಸಿದ ದಿನ 70ರವರೆಗೆ ಹೋದವು. ಕೊಳದ ನೀರು ದಿನಕ್ಕೆ ಎರಡು ಬಕೆಟ್ ಯಾಕೆ ಇಳಿಯುತ್ತಿತ್ತು ಅಂತ ಆಗ ತಿಳಿಯಿತು. ಒಮ್ಮೆ ನೀರು ತಳ ಕಂಡು ಪಂಪ್ ಒಣಗಿ ಸುಟ್ಟೂ ಹೋಗಿತ್ತು, ಅದು ಬೇರೆ ಕಥೆ. ಗಿರಣಿಯನ್ನು ಸರಿಸೋಕೆ ಆಗಲಿಲ್ಲ, ಸಿಮೆಂಟಿನಲ್ಲಿ ಕೂತಿದೆ. ಚಕ್ರಕ್ಕೂ ಹಳಿಗೂ ನಡುವೆ 15 ಸೆಂ.ಮೀ. ಎತ್ತರದ ಕಲ್ಲಿನ ಗೋಡೆ ಕಟ್ಟಿದೆ. ಈಗ ಚುಕ್ಕೆ ಇಲ್ಲ. ನೀವು ಕಟ್ಟುವ ಮೊದಲೇ ಆ ಜಾಗದಲ್ಲಿ ಚಕ್ರ ಸುಮ್ನೆ ಇಟ್ಟು ತಿರುಗಿಸಿ, ಪೇಪರ್ ಹಾಸಿ ನೋಡಿ.

ಹಳಿಬದಿ

ನನ್ನ ಹತ್ತಿರ ಇರುವ ಜಾಗವೇ 50 ಸೆಂ.ಮೀ. ಹಾಗಾದರೆ ಗೋಡೆ ಬೇಕೇ ಬೇಕು.

ತೇಗದ ಹಲಗೆ

ಗೋಡೆಯಾ? ಹಲಗೆ ಬೇಲಿ ಹಾಕಿ, ಚೆನ್ನಾಗಿ ಕಾಣುತ್ತದೆ. ತೇಗ.

ನಿಧಾನ ಗಾಡಿ

ಶುರುವಾಯಿತು.

ಗಿಯರ್ ಗುಟ್ಟು

ಮೋಟಾರಿನ ಎರಡು ವೈರ್ ಅದಲುಬದಲು ಮಾಡಿದೆ. ಈಗ ಚಕ್ರ ಸರಿಯಾಗಿ ತಿರುಗುತ್ತಿದೆ. ಎರಡು ವರ್ಷ ಹಳಿ ಒಣಗಿತ್ತು, ಈಗ ಪೂರಾ ಒದ್ದೆ.