ಚಂದ್ರಗಿರಿ ಹೊಳೆಯಲ್ಲಿ ಗಾಳಕ್ಕೆ ದೊಡ್ಡ ಆಮೆ ಸಿಕ್ಕಿದರೆ ಏನು ಮಾಡಬೇಕು?

ಹೊಳೆಬದಿಯವ
ನಮ್ಮದು ಕಾಸರಗೋಡಿನ ಬೋವಿಕ್ಕಾನದ ಹತ್ತಿರ, ತೋಟದ ಕೆಳಗೇ ಹೊಳೆ. ಪಕ್ಕದ ಮನೆಯ ಹುಡುಗರು ರಾತ್ರಿ ಗಾಳ ಕಟ್ಟಿ ಬಿಡುತ್ತಾರೆ. ಮೊನ್ನೆ ಬೆಳಿಗ್ಗೆ ಒಂದು ಆಮೆ ಸಿಕ್ಕಿತ್ತು. ಚಪ್ಪಟೆ ಮೈ, ಬೆನ್ನು ಗಟ್ಟಿ ಚಿಪ್ಪಲ್ಲ, ಚರ್ಮದ ಹಾಗೆ ನುಣುಪು. ಕಣ್ಣು ಮೂತಿಯ ಹತ್ತಿರವೇ. ಎರಡಡಿ ಉದ್ದ ಇದ್ದೀತು. ಎಳೆಯುವಾಗ ದಾರ ತುಂಡಾಗಿ ನೀರಿಗೆ ಹೋಯಿತು. ಒಬ್ಬರು ಊಟಕ್ಕೆ ಒಳ್ಳೆ ಪದಾರ್ಥ ಆಗ್ತಿತ್ತು ಅಂದರು, ಇನ್ನೊಬ್ಬರು ಮುಟ್ಟಿದರೆ ಜೈಲು ಅಂದರು. ಇದು ಯಾವ ಆಮೆ?

ಮುಳ್ಳೇರಿಯದ ಟೀಚರ್
ನೀವು ಹೇಳಿದ್ದು ನೋಡಿದರೆ ಭೀಮನಾಮೆ, ಮಲಯಾಳದಲ್ಲಿ ಪಾಲಪ್ಪೂವನ್ ಅಂತಲೂ ಹೇಳುತ್ತಾರೆ. ಇಂಗ್ಲಿಷಿನವರ ಕ್ಯಾಂಟರ್ಸ್ ಜಯಂಟ್ ಸಾಫ್ಟ್‌ಶೆಲ್ ಟರ್ಟಲ್. ದೊಡ್ಡದಾದರೆ ಒಂದು ಮೀಟರ್ ಉದ್ದ, ನೂರು ಕಿಲೋ ಹತ್ತಿರ ಬೆಳೆಯುತ್ತದೆ. ಇಷ್ಟು ದೊಡ್ಡ ಜೀವಿ ನಮ್ಮ ಕಣ್ಣಿಗೆ ಬೀಳದೆ ಇರುವುದಕ್ಕೆ ಕಾರಣ ಇದೆ. ದಿನವಿಡೀ ಹೊಯಿಗೆಯೊಳಗೆ (ಮರಳಿನೊಳಗೆ) ಹುಗಿದುಕೊಂಡು, ಕಣ್ಣು ಮೂಗು ಮಾತ್ರ ಹೊರಗಿಟ್ಟು, ಮೀನು ಹತ್ತಿರ ಬರುವುದನ್ನೇ ಕಾಯುತ್ತದೆ. ಲೋಕದಲ್ಲೇ ಅಳಿವಿನ ಅಂಚಿಗೆ ಬಂದ ಆಮೆ ಇದು. ಚಂದ್ರಗಿರಿಯಲ್ಲಿ ಇದು ಮೊಟ್ಟೆ ಇಟ್ಟು ಮರಿ ಮಾಡುತ್ತಿದೆ ಅಂತ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದ್ದು ಹೊಳೆಬದಿಯ ಊರಿನವರೇ. ಅದಕ್ಕೂ ಮೊದಲು 2023ರಲ್ಲಿ ಕಾಸರಗೋಡು ಜಿಲ್ಲೆ ಇದನ್ನು ತನ್ನ ಜಿಲ್ಲಾ ಜೀವಿ ಅಂತ ಘೋಷಿಸಿತ್ತು. ನಿಮ್ಮ ತೋಟದ ಕೆಳಗೆ ಇದೆ ಅಂದರೆ ನನಗಂತೂ ತುಂಬಾ ಖುಷಿ.

ಉಪ್ಪಳ ಕಡಪ್ಪುರ
ಜೈಲು ಅಂದದ್ದು ಸರಿ ಅಣ್ಣ. ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ. ಮತ್ತೆ ಸಿಕ್ಕಿದರೆ ಗಾಳ ಕಿತ್ತು ತೆಗೆಯಲು ಹೋಗಬೇಡಿ, ಗಂಟಲು ಹರಿದುಹೋಗುತ್ತದೆ. ದಾರ ಎಳೆಯಲೂ ಬೇಡಿ. ನೆರಳಲ್ಲಿ ಒದ್ದೆ ಗೋಣಿ ಹೊದಿಸಿ, ಮೂತಿ ಮಾತ್ರ ಮುಚ್ಚದೆ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕುತ್ತಿಗೆ ಚಾಚಿ ಕಚ್ಚುವುದು ಭಾರಿ ಬೇಗ, ಮಕ್ಕಳನ್ನು ದೂರ ಇಡಿ. ನಮ್ಮಲ್ಲಿ ಕಡಲಾಮೆ ಬಲೆಗೆ ಬಿದ್ದರೂ ಅಷ್ಟೇ, ಬಲೆ ಹೋದರೂ ಪರವಾಗಿಲ್ಲ ಅಂತ ಕತ್ತರಿಸಿ ಬಿಡುವವರು ಇದ್ದಾರೆ.

ಮುಳ್ಳೇರಿಯದ ಟೀಚರ್
ಇನ್ನೊಂದು ಮಾತು. ಗಾಳಕ್ಕಿಂತ ಹೊಯಿಗೆ ತೆಗೆಯುವುದೇ ನನಗೆ ಜಾಸ್ತಿ ಹೆದರಿಕೆ. ಅದು ಅಡಗುವುದೂ ಹೊಯಿಗೆಯಲ್ಲೇ, ಮೊಟ್ಟೆ ಇಡುವುದೂ ದಡದ ಹೊಯಿಗೆಯಲ್ಲೇ. ನೀರು ಏರಿ ಗೂಡು ಮುಳುಗಿದಾಗ ಮೊಟ್ಟೆ ತೆಗೆದು ಮರಿ ಮಾಡಿಸಿ ಹೊಳೆಗೆ ಬಿಟ್ಟದ್ದಿದೆ. ಆದರೆ ಹೊಯಿಗೆಯೇ ಇಲ್ಲದಿದ್ದರೆ ಗೂಡು ಎಲ್ಲಿ? ಮೊಟ್ಟೆ ಕಂಡರೆ ನೀವೇ ತೆಗೆಯಬೇಡಿ, ಜಾಗ ಗುರುತು ಮಾಡಿ ತಿಳಿಸಿ.

ಹೊಳೆಬದಿಯವ
ಹುಡುಗರನ್ನು ಕೂರಿಸಿ ಇದನ್ನೆಲ್ಲ ಓದಿ ಹೇಳಿದೆ. ಇನ್ನು ರಾತ್ರಿ ಗಾಳ ಕಟ್ಟಿಟ್ಟು ಹೋಗುವುದಿಲ್ಲ ಅಂದಿದ್ದಾರೆ. ಆದರೆ ಮೊನ್ನೆಯ ಆಮೆಯ ಬಾಯಲ್ಲಿ ಗಾಳ ಹಾಗೇ ಇದೆ ಅಲ್ವಾ, ಅದೇ ಬೇಜಾರು. ಮತ್ತೆ, ಹೊಯಿಗೆ ತೆಗೆಯುವ ವಿಷಯ ಯಾರಿಗೆ ಹೇಳುವುದು, ಪಂಚಾಯತಿಗಾ ವಿಲೇಜ್ ಆಫೀಸಿಗಾ?

ಉಪ್ಪಳ ಕಡಪ್ಪುರ
ಎರಡೂ ಕಡೆ ಬರೆದು ಕೊಡಿ, ಒಂದು ಪ್ರತಿ ಅರಣ್ಯ ಇಲಾಖೆಗೂ. ಗಾಳ ನುಂಗಿದ ಆಮೆಯ ವಿಷಯ ಮಾತ್ರ ಇವತ್ತೇ ಫೋನ್ ಮಾಡಿ ಹೇಳಿ, ಜಾಗ ಸರಿಯಾಗಿ ತಿಳಿಸಿ.