ಗೆರಿ ದಾಟಿದ ಹೊಟ್ಟಿ

ಗೋಳಗುಮ್ಮಟದ ಹತ್ರ ನಮ್ಮ ಕಾಯಂ ಚಾದಂಗಡಿ. ಏಪ್ರಿಲ್ ಸಂಜಿ. ಮೊಬೈಲ್‌ನಾಗ ನೂರು ಮೀಟರ್ ಓಟ ನಡದಿತ್ತು. ಮೂರನೇ ಹೀಟ್ ಅಂತ ಕಾಮೆಂಟ್ರಿ ಬಂತು.

"ಅವರದು ಆಗಲೇ ಮೂರನೇದು. ನಮ್ಮದು ಶಿವರಾತ್ರಿಗೆ ಚಾಲೂ ಆದದ್ದು ಒಂದ ಹೀಟ್, ಇನ್ನೂ ಮುಗಿವಲ್ದು," ಅಂದ ಈರಣ್ಣ, ಅಂಗಿ ಗುಂಡಿ ಬಿಚ್ಚಕೋತ.

"ಅದು ಸೆಖಿ ಅಲ್ಲಲೇ. ಮಂದಿ ಭಾಳ ಇದ್ರ ಗುಂಪು ಮಾಡಿ ಓಡಸ್ತಾರ, ಮುಂದ ಬಂದೋರು ಸೆಮಿಫೈನಲ್‌ಗೆ." ಹೇಳಿದಾಂವ ದಸ್ತಗೀರ. ಶಾಲ್ಯಾಗ ಒಮ್ಮೆ 800 ಮೀಟರ್ ಓಡ್ಯಾನ. ಓಡೂದು ಬಿಟ್ಟ, ಹೇಳೂದು ಬಿಟ್ಟಿಲ್ಲ.

ಅಷ್ಟರಾಗ ಒಬ್ಬಂವ ತಲಿ ತಗ್ಗಿಸಿ ಹೊರಗ ನಡದ.

"ಏನ್ ಮಾಡಿದ್ನೋ ಪಾಪ?"

"ಫಾಲ್ಸ್ ಸ್ಟಾರ್ಟ್. ಗುಂಡು ಹಾರಿ 0.1 ಸೆಕೆಂಡ್ ಆಗೂದ್ರೊಳಗ ಎದ್ರ, ಕೇಳಿ ಎದ್ದಿಲ್ಲ, ಅಂದಾಜಿಲೆ ಎದ್ದಾನ ಅಂತ ಲೆಕ್ಕ. 2010ರಿಂದ ಒಂದ ತಪ್ಪಿಗೆ ಮನಿಗೆ. 2011ರಾಗ ದಕ್ಷಿಣ ಕೊರಿಯಾದ ದೇಗುದಾಗ, ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಾಗ ಉಸೇನ್ ಬೋಲ್ಟ್‌ನ್ನೂ ಬಿಡಲಿಲ್ಲ."

"ಎರಡನೇ ಗುಂಡು ಯಾಕ ಹೊಡದ್ರು?"

"ಹೊಳ್ಳಿ ಬರ್ರಿ ಅಂತ."

"ಹಂಗಾದ್ರ ಗುಮ್ಮಟದೊಳಗ ಓಟ ಇಡೂದು ಬ್ಯಾಡಪಾ. ಅಲ್ಲಿ ಒಂದು ಹೊಡದ್ರ ಏಳು ಕೇಳ್ತಾವ. ಹೊಂಡೂದು, ಹೊಳ್ಳೂದು, ಅದ ಆಗ್ತೈತಿ."

ಮುಂದಿನ ವಿಡಿಯೋ ತಾನ ಬಂತು. ದೂರದ ಓಟ. ಪೇಸ್‌ಮೇಕರ್ ಹಿಂದ ಸರದ ಅಂದ್ರು.

"ಹಾರ್ಟಿಂದು ತ್ರಾಸಾ?" ಅಂಗಡಿ ಕಾಕಾ ಮರಗಿದ.

"ಅಲ್ರಿ ಕಾಕಾ, ಮುಂದ ಓಡಿ ವೇಗ ಹಿಡದು ಕೊಟ್ಟು, ನಡುವ ಬಿಟ್ಟು ಹೋಗಾಂವ. ರೊಕ್ಕಾ ಕೊಟ್ಟ ಕರಸಿರ್ತಾರ."

"ನಮ್ಮ ಈರಣ್ಣನೂ ಭಜಿ ಪ್ಲೇಟಿಗೆ ವೇಗ ಹಿಡದು ಕೊಡ್ತಾನ, ಬಿಲ್ಲಿನ ಹೊತ್ತಿಗೆ ಬಿಟ್ಟು ಹೋಗ್ತಾನ," ಅಂದೆ ನಾ.

ಈರಣ್ಣ ಕೇಳಿಸ್ಕೊಳ್ಳಲಿಲ್ಲ. ಮತ್ತೊಂದು ಓಟದಾಗ ಇಬ್ಬರು ಕೂಡೇ ಗೆರಿ ಮುಟ್ಟಿದ್ರು, ಫೋಟೋ ಫಿನಿಶ್.

"ತಲಿ, ಕುತಿಗಿ, ಕೈ, ಕಾಲು ಯಾವದೂ ಲೆಕ್ಕಕ್ಕ ಹಿಡಿಯಂಗಿಲ್ಲ," ಅಂದ ದಸ್ತಗೀರ. "ಮುಂಡ ಮೊದಲು ಮುಟ್ಟಬೇಕು. ಅದಕ್ಕ ಕಡೀಕ ಎದಿ ಚಾಚ್ತಾರ."

ಈರಣ್ಣನ ಕೈಯಾಗಿನ ಮಿರ್ಚಿ ಅಲ್ಲೇ ನಿಂತ್ತು. "ಮುಂಡ ಅಂದ್ರ ಬರೇ ಎದಿ ಏನು, ಹೊಟ್ಟಿನೂ ಬರ್ತೈತೋ?"

ದಸ್ತಗೀರ ಗಂಟಲು ಸರಿ ಮಾಡ್ಕೊಂಡ. "ಹೊಟ್ಟಿನೂ... ಮುಂಡನ."

"ಕೇಳಿದ್ರಿ? ಇಪ್ಪತ್ತು ವರ್ಷ ಇದಕ್ಕ ಬೊಜ್ಜು ಅಂದ್ರಿ. ಇದು ತಯಾರಿಲೇ! ನನ್ನ ಕಾಲು ಇನ್ನೂ ಟ್ರ್ಯಾಕಿನ್ಯಾಗ ಇರ್ತಾವ, ಇದು ಪದಕ ಕೊಳ್ಳಾಗ ಹಾಕ್ಕೊಂಡು ಕುಂತಿರ್ತೈತಿ."

"ಗೆರಿತನಕ ಆ ಕಾಲ ಒಯ್ಯಬೇಕಲ್ಲೋ!"

ಖರೇ ಹೇಳ್ತೀನಿ, ಈ ವಾದದಾಗ ನಾ ಈರಣ್ಣನ ಕಡೆ. ನನ್ನದೂ ಸ್ವಲ್ಪ ತಯಾರಿ ಆಗೇತಿ.

ಕಾಕಾ ಕೈ ಒರಸ್ಕೋತ ಬಂದು "ಬಿ..." ಅಂದ. "ಲ್ಲು" ಇನ್ನೂ ಬಾಯಾಗ ಇತ್ತು, ಈರಣ್ಣ ಎದ್ದು ಹೊಂಟೇ ಬಿಟ್ಟ.

"ಫಾಲ್ಸ್ ಸ್ಟಾರ್ಟ್!" ಅಂತ ದಸ್ತಗೀರ ಒದರಿದ, ಎರಡ ಸಲ.

ಹೊಳ್ಳಿ ಬರಲಿಲ್ಲ. ರಸ್ತಾ ಮೊದಲು ಹೊಟ್ಟಿ ದಾಟ್ತು, ಆಮ್ಯಾಲೆ ಈರಣ್ಣ.